ನಲವತ್ತೊಂದರಲ್ಲಿ ಮುಗಿಯುವ ನಂಬರು

ನನ್ನ ಅಂಗಡಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ‘ಒಟಿಪಿಯನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಕೇಳಿದರೂ ಹೇಳಬೇಡಿ.’ ಕೆಂಪಕ್ಷರದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿದ್ದು. ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತು ನಾನು ದಿನಕ್ಕೆ ನಲವತ್ತು ಜನರ ಒಟಿಪಿ ಕೇಳುತ್ತೇನೆ. ಅವರು ಹೇಳುತ್ತಾರೆ. ಕೆಲವರು ಕೇಳುವ ಮೊದಲೇ ಫೋನನ್ನೇ ನನ್ನ ಕೈಗಿಟ್ಟು ತರಕಾರಿ ತರಲು ಹೋಗಿಬಿಡುತ್ತಾರೆ.

ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದು ಆನ್‌ಲೈನ್ ಸೆಂಟರ್. ರೇಷನ್ ಕಾರ್ಡು, ಪಿಂಚಣಿ, ಜಾತಿ ಸರ್ಟಿಫಿಕೇಟು, ಕಾಲೇಜಿನ ಅರ್ಜಿ, ಎಲ್ಲ ಇಲ್ಲೇ. ಬರುವವರಲ್ಲಿ ಅರ್ಧ ಜನರಿಗೆ ಸ್ವಂತ ಫೋನಿಲ್ಲ. ಇನ್ನು ಕೆಲವರು ಎರಡು ತಿಂಗಳಿಗೊಂದು ಸಿಮ್ ಬದಲಾಯಿಸುತ್ತಾರೆ. ಹೆಂಗಸರಾದರೆ ಫೋನು ಗಂಡನ ಜೇಬಿನಲ್ಲಿರುತ್ತದೆ, ಗಂಡ ಬೆಂಗಳೂರಿನ ರೈಲಿನಲ್ಲಿರುತ್ತಾನೆ. ಅದಕ್ಕೇ ನಮ್ಮ ಕಡೆಯ ಸೆಂಟರ್‌ಗಳಲ್ಲಿ ಒಂದು ರೂಢಿ ಇದೆ: ನಂಬರ್ ಇಲ್ಲದವರಿಗೆಲ್ಲ ಅಂಗಡಿಯವನ ನಂಬರ್. ಹಾಗೆ ನನ್ನ ಒಂದು ಮೊಬೈಲ್ ನಂಬರ್ ಅರವತ್ತೆಂಟು ಜನರ ನಂಬರಾಗಿತ್ತು. ಅವರ ಪಾಸ್‌ವರ್ಡುಗಳನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ ಬರೆದಿಟ್ಟಿದ್ದೆ. ಹೆಸರು, ಊರು, ಯಾವ ಅರ್ಜಿ, ಪಾಸ್‌ವರ್ಡು. ಎಲ್ಲರ ಪಾಸ್‌ವರ್ಡೂ ಅವರವರ ಹೆಸರು, ಅದರ ಮುಂದೆ ಒಂದು ಎರಡು ಮೂರು.

ಇಷ್ಟೆಲ್ಲ ಇಟ್ಟುಕೊಂಡು ನಾನು ಊರಿಗೆಲ್ಲ ಬುದ್ಧಿ ಹೇಳುವವನು. ಮಧ್ಯಾಹ್ನ ಜನ ಕಡಿಮೆಯಾದಾಗ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಅಂಬರೀಶ್ ಬರುತ್ತಾನೆ. ಎದುರಿಗೆ ಆಟೋ ನಿಲ್ಲಿಸುವ ರಾಜ್‌ಕುಮಾರ್ ಟೀ ಹಿಡಿದುಕೊಂಡು ಬರುತ್ತಾನೆ. ಆಮೇಲೆ ಪ್ರಪಂಚದ ಕಂಪ್ಯೂಟರುಗಳ ಯೋಗಕ್ಷೇಮವೆಲ್ಲ ನಮ್ಮ ಮೂವರದು.

“ನಾವ್ ಮಾತಾಡೋದೆಲ್ಲ ಈ ಫೋನು ಕೇಳಿಸ್ಕೊಂತೈತೆ ಕಣಣ್ಣ,” ಎಂದು ಅಂಬರೀಶ್ ಶುರುಮಾಡುತ್ತಾನೆ. “ಮೊನ್ನೆ ಮಿಕ್ಸಿ ಜಾರು ಒಡದೋಯ್ತು ಅಂತ ಎಂಡ್ತಿ ಅಂದ್ಲು. ಬೆಳಿಗ್ಗೆ ನೋಡಿದ್ರೆ ಬರೀ ಮಿಕ್ಸಿ ಜಾಹೀರಾತು.”

“ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಿ ಬಿಡ್ಲಾ,” ಎನ್ನುತ್ತಾನೆ ರಾಜ್‌ಕುಮಾರ್. “ನಮ್ಮನೇಲಿ ನನ್ ಮಾತು ಯಾರೂ ಕೇಳಲ್ಲ. ಫೋನಾದ್ರೂ ಕೇಳ್ತದಲ್ಲ.”

ತೀರ್ಪು ಕೊಡುವ ಕೆಲಸ ನನ್ನದು. ಕಂಪ್ಯೂಟರಿನ ಕ್ಯಾಮೆರಾ ಕಣ್ಣಿಗೆ ನನ್ನ ಹೆಂಡತಿಯ ಬಿಂದಿ ಅಂಟಿಸಿಟ್ಟಿದ್ದೇನೆ, ಯಾರೋ ವಿದೇಶದಿಂದ ನನ್ನ ಮುಖ ನೋಡಬಾರದೆಂದು. ನೋಡಿದರೆ ಅವರಿಗೇ ಲುಕ್ಸಾನು ಎಂದು ರಾಜ್‌ಕುಮಾರ್ ನಗುತ್ತಾನೆ. ದೊಡ್ಡ ಕಂಪನಿಗಳು ನಮ್ಮ ಮಾಹಿತಿ ಮಾರಿಕೊಳ್ಳುತ್ತಿವೆ ಎಂದು ನಾನೇ ಅರ್ಧ ಗಂಟೆ ಭಾಷಣ ಬಿಗಿಯುತ್ತೇನೆ. ಟೀ ಮುಗಿಯುವ ಹೊತ್ತಿಗೆ ನಾನೇ ಮಾತು ತಿರುಗಿಸುತ್ತೇನೆ. “ಆದ್ರೂ ಬಚ್ಚಿಟ್ಕೊಳ್ಳೋಕೆ ನಮ್ಮಂಥೋರ ಹತ್ರ ಏನೈತೆ ಬಿಡ್ರಪ್ಪ.” ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ತ್ರಿವೇಣಿ ಬಂದದ್ದು ಜೂನ್‌ನಲ್ಲಿ, ಒಂದು ಮಂಗಳವಾರ. ಬೂದಿಕೋಟೆ ಕಡೆಯ ಹಳ್ಳಿಯವಳು, ಇಪ್ಪತ್ತು ವರ್ಷ. ಅಪ್ಪ ಮುನಿನಾರಾಯಣಪ್ಪ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಎರಡು ವರ್ಷದ ಹಿಂದೆ ಬಂಗಾರಪೇಟೆಯಲ್ಲಿ ಸರ್ವರ್ ಇಲ್ಲವೆಂದು ನಾಲ್ಕು ದಿನ ಅಲೆಸಿದಾಗ ಅಪ್ಪ ಮಗಳು ನನ್ನ ಹತ್ತಿರ ಬಂದು ರೇಷನ್ ಕಾರ್ಡು ತಿದ್ದಿಸಿಕೊಂಡು ಹೋಗಿದ್ದರು. ಈ ಸಲ ಹುಡುಗಿ ಒಬ್ಬಳೇ ಬಂದಿದ್ದಳು. ನರ್ಸಿಂಗ್ ಸೀಟಿಗೆ ಅರ್ಜಿ ಹಾಕಬೇಕಿತ್ತು.

“ಬಂಗಾರಪೇಟೆಲೇ ಹಾಕಿಸ್ಬೋದಿತ್ತಲ್ಲಮ್ಮ, ಅಲ್ಲಿಂದ ಇಲ್ಲಿಗ್ಯಾಕೆ ಬಂದೆ?” ಎಂದೆ.

“ಅಲ್ಲಿ ಎಲ್ರೂ ನಮ್ಮೂರೋರೇ ಅಣ್ಣ. ಅರ್ಜಿ ಹಾಕಿ ಮನೆ ಸೇರೋ ಹೊತ್ಗೆ ಮನೇಲಿ ಗೊತ್ತಾಗಿರ್ತದೆ.”

ನಿಧಾನಕ್ಕೆ ಎಲ್ಲ ಹೇಳಿದಳು. ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಮುಂದೆ ಓದಿಸಲಿಲ್ಲ. ಅವಳ ಕೈಯಲ್ಲಿದ್ದ ಫೋನನ್ನೂ ಅಣ್ಣನಿಗೆ ಕೊಟ್ಟರು. ಸೋದರಮಾವ ಸಾಯಿಕುಮಾರ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಅವಳಿಗಿಂತ ಹದಿಮೂರು ವರ್ಷ ದೊಡ್ಡವನು. ದೀಪಾವಳಿ ಕಳೆದ ಮೇಲೆ ಅವನ ಜೊತೆ ಮದುವೆ ಎಂದು ಮಾತಾಗಿತ್ತು. “ಮಾವ ಕೆಟ್ಟೋರಲ್ಲ ಅಣ್ಣ,” ಎಂದಳು. “ನಂಗೆ ಮದ್ವೆನೇ ಈಗ ಬ್ಯಾಡ. ಸೀಟು ಸಿಕ್ಕಿ ಹಾಸ್ಟೆಲ್‌ಗೆ ಸೇರ್ಕೊಂಡ್‌ಬಿಟ್ರೆ ಆಮೇಲೆ ಅಪ್ಪನ್ನ ಒಪ್ಪಿಸ್ತೀನಿ. ಸೇರೋಕ್ ಮುಂಚೆ ಗೊತ್ತಾದ್ರೆ ಆಗಲ್ಲ.”

ಮಂಗಳವಾರ ಬಂಗಾರಪೇಟೆಯಲ್ಲಿ ಅವಳಿಗೆ ಹೊಲಿಗೆ ಕ್ಲಾಸು. ಅದನ್ನು ತಪ್ಪಿಸಿ ಬಸ್ಸು ಹತ್ತಿ ಬಂದಿದ್ದಳು. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದಾಗ ನನ್ನ ಮುಖ ನೋಡಿದಳು. ನಾನು ರೂಢಿಯಂತೆ ನನ್ನ ನಂಬರ್ ಹಾಕಿದೆ. “ಮೆಸೇಜು ಬಂದ್ರೆ ನನ್ ಫೋನಿಗೇ ಬರ್ತದೆ. ನೀನು ಪ್ರತಿ ಮಂಗಳವಾರ ಬಂದು ಕೇಳ್ಕೊಂಡು ಹೋಗು, ಅಷ್ಟೇ,” ಎಂದೆ. ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಅರ್ಜಿ, ಪಾಸ್‌ವರ್ಡು ಬರೆದುಕೊಂಡೆ. ಮನೆಗೆ ಗೊತ್ತಾಗಬಾರದು ಎಂದು ಎರಡು ಸಲ ಹೇಳಿದ್ದಳು. ಅದನ್ನು ಬರೆಯಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ಅಂಬರೀಶ್ ಫೋನ್ ಹಿಡಿದುಕೊಂಡು ಓಡಿಬಂದ. ಅದರಲ್ಲಿ ಒಂದು ವಿಡಿಯೋ. ಎಲ್ಲೋ ದೂರದ ಊರು, ನನ್ನಂಥದೇ ಅಂಗಡಿ, ನನ್ನಂಥವನೇ ಒಬ್ಬ ಬೊಕ್ಕತಲೆಯವನು. ಅವನ ಒಂದು ನಂಬರು ಮೂವತ್ತು ಜನರ ಖಾತೆಗಳಲ್ಲಿತ್ತಂತೆ, ಏನೋ ಮೋಸವಾಯಿತಂತೆ, ಪೊಲೀಸರು ಅವನನ್ನು ಜೀಪಿಗೆ ಹತ್ತಿಸುತ್ತಿದ್ದರು. ಅವನು ಮುಖಕ್ಕೆ ಟವೆಲ್ ಮುಚ್ಚಿಕೊಂಡಿದ್ದ.

“ನಿಂದು ಎಷ್ಟೈತೆ ನಾಗೇಶಣ್ಣ?” ಎಂದ ಅಂಬರೀಶ್.

“ಅರವತ್ತೆಂಟು.”

“ಹಂಗಾದ್ರೆ ನಿಂಗೆ ಜೀಪ್ ಸಾಲಲ್ಲ, ವ್ಯಾನೇ ಬೇಕು,” ಎಂದು ರಾಜ್‌ಕುಮಾರ್ ನಕ್ಕ. ನನಗೆ ನಗು ಬರಲಿಲ್ಲ. ಅಂದು ಊಟ ಸೇರಲಿಲ್ಲ. ಹೆಂಡತಿ ಏನೆಂದು ಕೇಳಿದರೆ ಸಿಡುಕಿದೆ.

ಮಾರನೆಯ ದಿನವೇ ನಂಬರ್ ಬದಲಾಯಿಸಲು ಕೂತೆ. ಒಬ್ಬೊಬ್ಬರ ಖಾತೆಯಿಂದಲೂ ನನ್ನ ನಂಬರ್ ತೆಗೆದು ಅವರ ಮನೆಯವರ ನಂಬರ್ ಹಾಕುವುದು. ಮನೆಯವರ ನಂಬರುಗಳು ಹಳೆಯ ರೇಷನ್ ಕಾರ್ಡಿನ ಕಾಗದಗಳಲ್ಲಿ ಇದ್ದವು. ರಾಜ್‌ಕುಮಾರ್ ನೋಟ್‌ಬುಕ್ ಹಿಡಿದು ಒಂದೊಂದೇ ಹೆಸರು ಓದಿದ, ನಾನು ಒತ್ತುತ್ತಾ ಹೋದೆ. ಹೊಸ ನಂಬರಿಗೆ ಒಟಿಪಿ ಹೋಗುತ್ತದೆ, ಅದನ್ನು ಅವರಿಂದ ಕೇಳಿ ಹಾಕಬೇಕು. ಎಲ್ಲರಿಗೂ ಫೋನ್ ಮಾಡಿದೆ. “ನಾನು ಸೆಂಟರ್ ನಾಗೇಶ. ಒಂದು ನಂಬರ್ ಬಂದೈತೆ ನೋಡಿ, ಹೇಳಿ.” ಒಬ್ಬರೂ ಯಾಕೆಂದು ಕೇಳಲಿಲ್ಲ. ಎರಡು ದಿನದಲ್ಲಿ ಅರವತ್ತೆಂಟೂ ಮುಗಿಯಿತು. ಜನರ ಸುರಕ್ಷತೆಗಾಗಿ ಮಾಡಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಸುಳ್ಳು. ಆ ಟವೆಲ್ ನನ್ನ ಮುಖದ ಮೇಲೆ ಬೀಳಬಾರದೆಂದು ಮಾಡಿದೆ.

ಮುನಿನಾರಾಯಣಪ್ಪನವರಿಗೆ ಫೋನ್ ಮಾಡಿದಾಗ ಅವರು ಡೈರಿಯಲ್ಲಿದ್ದರು. ಕ್ಯಾನುಗಳ ಸದ್ದು ಕೇಳುತ್ತಿತ್ತು. “ರೇಷನ್ ಕಾರ್ಡ್‌ದಾ ಅಪ್ಪಾ?” ಎಂದರು. “ಹೂಂ ಅಣ್ಣಾ, ಅಂಥದ್ದೇ,” ಎಂದೆ. ಪರದೆಯಲ್ಲಿ ತ್ರಿವೇಣಿ ಎಂಬ ಹೆಸರಿತ್ತು. ಅದು ನನಗೆ ನಲವತ್ತಾರನೆಯ ಹೆಸರಾಗಿತ್ತು, ಅಷ್ಟೇ. ಅವರು ಆರು ಅಂಕಿಗಳನ್ನು ಮಗ್ಗಿ ಒಪ್ಪಿಸಿದಂತೆ ನಿಧಾನವಾಗಿ ಹೇಳಿ, ಮಕ್ಕಳು ಚೆನ್ನಾಗವರಾ ಎಂದು ವಿಚಾರಿಸಿ ಫೋನಿಟ್ಟರು.

ಆಮೇಲೆ ಮೂರು ಮಂಗಳವಾರ ತ್ರಿವೇಣಿ ಬಂದಳು. “ಮೆಸೇಜ್ ಬಂತಾ ಅಣ್ಣ?” ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. “ಇಲ್ಲಮ್ಮ, ಬಂದ್ರೆ ಹೇಳ್ದೆ ಇರ್ತೀನಾ,” ಎನ್ನುತ್ತಿದ್ದೆ. ನನ್ನ ನಂಬರನ್ನು ನಾನೇ ತೆಗೆದಿದ್ದೇನೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ತಲೆ ಇದ್ದರಲ್ಲವೆ ಬರುವುದಕ್ಕೆ.

ನಾಲ್ಕನೆಯ ಮಂಗಳವಾರ ಅವಳು ಓಡುತ್ತಲೇ ಬಂದಳು. ಮಧ್ಯಾಹ್ನ ಮೂರೂಕಾಲು. “ಅಣ್ಣ, ಬಸ್ಸಲ್ಲಿ ನಮ್ ಕಾಲೇಜಿನ ನವ್ಯ ಸಿಕ್ಕಿದ್ಲು. ಲಿಸ್ಟ್ ಶುಕ್ರವಾರಾನೇ ಬಂದೈತಂತೆ. ಸೀಟಿಗೆ ಒಪ್ಪಿಗೆ ಕೊಡೋಕೆ ಇವತ್ತು ಐದೂವರೆಗೆ ಲಾಸ್ಟ್ ಅಂತೆ, ಕೊಡ್ದಿದ್ರೆ ಸೀಟು ಹೋಗ್ತದಂತೆ.”

ಲಿಸ್ಟ್ ತೆಗೆದೆ. ಅದನ್ನು ನೋಡುವುದಕ್ಕೆ ಒಟಿಪಿ ಬೇಡ. ಅವಳ ರ‍್ಯಾಂಕ್ ನಂಬರ್ ಹುಡುಕಿದರೆ ಹೆಸರಿತ್ತು. ಹುಬ್ಬಳ್ಳಿ ಕಡೆಯ ಸರ್ಕಾರಿ ನರ್ಸಿಂಗ್ ಕಾಲೇಜು, ಹಾಸ್ಟೆಲ್ ಸಮೇತ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಪರದೆ ನೋಡುತ್ತ ನಿಂತಳು. ಅಂಬರೀಶ್ ತನ್ನ ಅಂಗಡಿಯಿಂದ ಇಣುಕಿ, ಟ್ರೀಟ್ ಕೊಡಿಸಬೇಕು ಎಂದ. ನನಗೂ ಖುಷಿಯಾಯಿತು. ಒಂದು ಹುಡುಗಿಯನ್ನು ದಡ ಸೇರಿಸಿದೆ ಎಂಬ ಜಂಬ ಬಂತು.

ಒಪ್ಪಿಗೆ ಕೊಡಲು ಅವಳ ಖಾತೆಯೊಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಹೊಡೆದು ಒಟಿಪಿ ಕಳಿಸುವ ಗುಂಡಿ ಒತ್ತಿದೆ. ಮೇಜಿನ ಮೇಲಿದ್ದ ನನ್ನ ಫೋನಿನ ಕಡೆ ಇಬ್ಬರೂ ನೋಡಿದೆವು. ಅದು ಸುಮ್ಮನಿತ್ತು. ಪರದೆಯ ಮೇಲೆ ಎಂಟು ಚುಕ್ಕಿಗಳು, ಕೊನೆಯಲ್ಲಿ ನಲವತ್ತೊಂದು ಎಂದು ತೋರಿಸುತ್ತಿತ್ತು.

“ನಲವತ್ತೊಂದು ನಮ್ಮಪ್ಪನ ನಂಬರು,” ಎಂದಳು ತ್ರಿವೇಣಿ.

ಆಗ ನನಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಡೈರಿಯ ಕ್ಯಾನಿನ ಸದ್ದು ಕೂಡ. ಹೇಳಬೇಕಾಗಿತ್ತು, ಹೇಳಿದೆ. ವಿಡಿಯೋ, ಹೆದರಿಕೆ, ಅರವತ್ತೆಂಟು ಜನ, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹಂಗಾದ್ರೆ ಶುಕ್ರವಾರದ ಮೆಸೇಜು ಅಪ್ಪಂಗೆ ಹೋಗೈತೆ,” ಎಂದಳು. ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನೋಡದೇ ಇರಬಹುದು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದೆವು. ಎಲ್ಲ ಸಲವೂ ಕಾಯಿರಿ ಎಂಬ ಹಾಡು.

ನಾಲ್ಕೂಕಾಲಿಗೆ ಅವಳೇ ಹೇಳಿದಳು. “ನೀವೇ ಅಪ್ಪಂಗೆ ಫೋನ್ ಮಾಡಿ ಅಣ್ಣ. ಆವತ್ತು ಕೇಳಿದ್ರಲ್ಲ, ಹಂಗೇ ಕೇಳಿ. ರೇಷನ್ ಕಾರ್ಡಂತ ಹೇಳಿ. ನೀವು ಕೇಳಿದ್ರೆ ಕೊಡ್ತಾರೆ.”

ಇನ್ನೊಬ್ಬರ ಒಟಿಪಿಯನ್ನು ಸುಳ್ಳು ಹೇಳಿ ಕೇಳುವುದು. ಪೇಪರಿನಲ್ಲಿ ಬರುವ ಕಳ್ಳರು ಮಾಡುವುದು ಅದನ್ನೇ. ಆದರೆ ನನಗೆ ಆ ಹೊತ್ತಿಗೆ ಹಾಗನ್ನಿಸಲಿಲ್ಲ. ಇಷ್ಟು ದಿನ ಹೆದರಿಕೆಗೆ ಸುಳ್ಳು ಹೇಳಿದವನು ಇವತ್ತು ಒಂದು ಸುಳ್ಳನ್ನಾದರೂ ಅವಳಿಗಾಗಿ ಹೇಳೋಣ ಎನ್ನಿಸಿತು. ಒಟಿಪಿ ಮತ್ತೆ ಕಳಿಸಿ, ಸ್ಪೀಕರ್ ಹಾಕಿ ಫೋನ್ ಮಾಡಿದೆ.

“ಅಣ್ಣಾ, ನಾನು ಸೆಂಟರ್ ನಾಗೇಶ. ರೇಷನ್ ಕಾರ್ಡ್‌ದು ಒಂದು ನಂಬರ್ ಬಂದಿರ್ತದೆ, ಸ್ವಲ್ಪ ನೋಡಿ ಹೇಳ್ತೀರಾ?”

ಆ ಕಡೆ ಹಸುವೊಂದು ಕೂಗಿದ್ದು ಕೇಳಿಸಿತು.

“ಬಂದೈತೆ ಕಣಪ್ಪ,” ಎಂದರು ಮುನಿನಾರಾಯಣಪ್ಪ. “ಮಧ್ಯಾನ್ದಿಂದ ಎರಡ್ ಸಲ ಬಂತು. ಶುಕ್ರವಾರ ಒಂದು ಬಂದಿತ್ತು. ಡೈರಿ ಸೊಸೈಟಿ ಸೆಕ್ರೆಟ್ರಿ ಕೈಲಿ ಓದಿಸ್ದೆ. ಉಬ್ಬಳ್ಳಿ, ಆಸ್ಟೆಲ್ಲು, ಮಂಗಳವಾರ ಲಾಸ್ಟು, ಎಲ್ಲ ಓದಿ ಏಳಿದ್ರು.”

ನಾನು ಪರದೆಯ ಮೂಲೆಯ ಗಡಿಯಾರ ನೋಡಿದೆ.

“ಮನೇಲಿ ಯಾರ್ಗೂ ಏಳ್ಲಿಲ್ಲ ನಾನು. ಉಡ್ಗಿಗೂ ಒಂದ್ ಮಾತು ಅನ್ಲಿಲ್ಲ. ಮಂಗಳವಾರ ಕಳೆದ್ರೆ ಸಾಕು, ತಾನೇ ಸರಿ ಓಯ್ತದೆ ಅಂತ ಸುಮ್ಕಿದ್ದೆ.” ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಒಟಿಪಿ ಯಾರ್ಗೂ ಏಳ್ಬ್ಯಾಡಿ ಅಂತ ನೀನೇ ಗೋಡೆ ಮ್ಯಾಲೆ ಬರ್ದಾಕಿದ್ಯಲ್ಲಪ್ಪ. ಕೆಂಪು ಅಕ್ಸರದಾಗೆ. ನಾನ್ ಓದಿದೀನಿ, ಅದು ಕನ್ನಡದಾಗೈತೆ.”

ತ್ರಿವೇಣಿ ಮುಂದೆ ಬಾಗಿ ಫೋನಿನ ಹತ್ತಿರ ಬಾಯಿ ತಂದಳು. “ಅಪ್ಪಾ, ನಾನು. ಅದು ಆರೇ ಅಂಕಿ ಅಪ್ಪಾ. ಹೇಳಪ್ಪ.”

“ಅಲ್ಲೇ ಇದ್ಯೇನಮ್ಮ,” ಎಂದರು. ಆಮೇಲೆ, “ಕೊನೆ ಬಸ್ ತಪ್ಪಿಸ್ಕೊಬ್ಯಾಡ. ಮನೆಗ್ ಬಾ,” ಎಂದು ಫೋನಿಟ್ಟರು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಅವಳು ಐದೂವರೆಯವರೆಗೆ ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೇ ಕೂತಿದ್ದಳು. ನಡುವೆ ಯಾರೋ ಪಿಂಚಣಿಯ ಕಾಗದ ತಂದರು, ನಾಳೆ ಬನ್ನಿ ಎಂದು ಕಳಿಸಿದೆ. ರಾಜ್‌ಕುಮಾರ್ ಒಂದು ಟೀ ತಂದು ಅವಳ ಮುಂದಿಟ್ಟ, ಅದು ಕೆನೆಕಟ್ಟಿತು. ಐದೂವರೆಗೆ ಪರದೆಯ ಮೇಲಿನ ಒಪ್ಪಿಗೆಯ ಗುಂಡಿ ಮಾಸಿದ ಬಣ್ಣಕ್ಕೆ ತಿರುಗಿತು. ಅವಳು ಎದ್ದು ಚೀಲ ಹೆಗಲಿಗೇರಿಸಿಕೊಂಡಳು. ಬಾಗಿಲ ಹತ್ತಿರ ನಿಂತು ಗೋಡೆಯ ಆ ಹಾಳೆಯನ್ನು ಪೂರ್ತಿ ಓದಿದಳು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಕಾರ್ತಿಕದಲ್ಲಿ ಮುನಿನಾರಾಯಣಪ್ಪನವರೇ ಮದುವೆ ಕಾಗದ ಕೊಡಲು ಬಂದರು. ಮೂಲೆಗಳಿಗೆ ಅರಿಶಿನ ಹಚ್ಚಿದ ಕಾಗದದ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ತುಪ್ಪ. ನನ್ನ ಕೈ ಹಿಡಿದುಕೊಂಡು, “ನೀನು ನಂಬರ್ ಬದ್ಲಾಯಿಸ್ದೆ ಇದ್ದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ ಕಣಪ್ಪ. ಉಡ್ಗಿ ಕೈ ತಪ್ಪೋಗ್ತಿತ್ತು,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಮನುಷ್ಯ. ಮಗಳ ಮೇಲೆ ಪ್ರೀತಿ ಇರುವ ಮನುಷ್ಯ. ನಾನು ಮಾಡಿದ್ದು ತಪ್ಪು ಅಣ್ಣಾ, ಅವಳನ್ನು ಓದಲು ಬಿಡಬೇಕಿತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ತುಪ್ಪದ ಡಬ್ಬಿ ತೆಗೆದುಕೊಂಡೆ. ಮದುವೆಗೆ ಹೋಗಲಿಲ್ಲ, ಆದರೆ ತುಪ್ಪ ತಿಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ತಿಂದೆ.

ಅಂಬರೀಶ್ ಮತ್ತು ರಾಜ್‌ಕುಮಾರ್ ಈಗಲೂ ಮಧ್ಯಾಹ್ನ ಬರುತ್ತಾರೆ. ಕಳೆದ ವಾರ ಮುಖ ತೋರಿಸಿದರೆ ತೆರೆಯುವ ಫೋನಿನ ಬೀಗದ ವಿಷಯ ನಡೆಯುತ್ತಿತ್ತು. ನಿದ್ದೆ ಮಾಡುವವನ ಮುಖಕ್ಕೆ ಹಿಡಿದರೂ ತೆರೆಯುತ್ತದಂತೆ ಎಂದು ಅಂಬರೀಶ್, ತನ್ನ ಮುಖ ಕುಡಿದಾಗ ಒಂದು ಥರ, ಕುಡಿಯದಿದ್ದಾಗ ಒಂದು ಥರ, ಫೋನಿಗೇ ತಲೆ ಕೆಡುತ್ತದೆ ಎಂದು ರಾಜ್‌ಕುಮಾರ್. ನನ್ನ ತೀರ್ಪಿಗೆ ಕಾದರು. ನಾನು ಟೀ ಲೋಟ ಎತ್ತಿ ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಸಾಯಿಕುಮಾರ್ ಬಂದು ನಿಂತ, ಅವನ ಹಿಂದೆ ತ್ರಿವೇಣಿ.

ರೇಷನ್ ಕಾರ್ಡಿಗೆ ಹೆಂಡತಿಯ ಹೆಸರು ಸೇರಿಸಬೇಕಿತ್ತು. ಮುನಿನಾರಾಯಣಪ್ಪ ಭಾವ ಹೇಳಿದ್ದಾರೆ, ನಾಗೇಶಪ್ಪನ ಹತ್ರಾನೇ ಮಾಡ್ಸು, ನಂಬಿಕಸ್ಥ ಅಂತ, ಎಂದ ಸಾಯಿಕುಮಾರ್. ಅವಳು ಹೇಳಿದಂತೆ ಕೆಟ್ಟವನಲ್ಲ. ಹೆಂಡತಿಗೆ ಸ್ಟೂಲ್ ಎಳೆದುಕೊಟ್ಟು ತಾನು ನಿಂತ. ಅವಳು ಸ್ವಲ್ಪ ದಪ್ಪಗಾಗಿದ್ದಳು, ಅಥವಾ ಸೀರೆ ಹಾಗೆ ಕಾಣಿಸುತ್ತಿತ್ತು. ನನ್ನ ಕಡೆ ನೋಡಲಿಲ್ಲ. ಅದೇ ಸ್ಟೂಲು.

ಹೆಸರು, ವಯಸ್ಸು, ಗಂಡನ ಹೆಸರು ತುಂಬಿಸಿದೆ. ಮೊಬೈಲ್ ನಂಬರಿನ ಜಾಗ ಬಂತು. ಸಾಯಿಕುಮಾರ್ ತನ್ನ ನಂಬರ್ ಹೇಳಲು ಬಾಯಿ ತೆರೆದ. ಎಷ್ಟೋ ಸಾವಿರ ಅರ್ಜಿ ತುಂಬಿದ್ದೇನೆ, ಹಿಂದೆ ಯಾವ ಹೆಂಗಸನ್ನೂ ಕೇಳದ ಮಾತನ್ನು ಆವತ್ತು ಮೊದಲ ಸಲ ಕೇಳಿದೆ.

“ತಡಿಯಪ್ಪ. ತ್ರಿವೇಣಿ, ನೀನ್ ಹೇಳಮ್ಮ. ಯಾರ ನಂಬರ್ ಹಾಕ್ಲಿ?”

ಅವಳು ಗೋಡೆಯ ಕೆಂಪಕ್ಷರದ ಹಾಳೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

“ಯಾವ್ದು ಸೇಫೋ ಅದ್ನೇ ಹಾಕಿ ಅಣ್ಣ,” ಎಂದಳು. “ಆವಾಗ್ಲೂ ಹಂಗೇ ಮಾಡಿದ್ರಲ್ಲ.”

ಸಾಯಿಕುಮಾರ್ ತನ್ನ ನಂಬರ್ ಹೇಳಿದ. ನಾನು ಒತ್ತಿದೆ. ಅವನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನು ಅದನ್ನು ತೆಗೆದು ಆರು ಅಂಕಿಗಳನ್ನು ಗಟ್ಟಿಯಾಗಿ ಓದಿದ.